ದೇವಾಪುರದಲ್ಲಿ ಮಾತ್ರ ಓಡಿದ ಗಡಿಯಾರ

ದೇವಕಮ್ಮನನ್ನು ದಾರಿ ಕೇಳಬಾರದು. ಕೇಳಿದವರು ಕೆಟ್ಟರು. ಶಹಾಪುರದ ಬಸ್ ಸ್ಟ್ಯಾಂಡಿನ ಮುಂದೆ ಯಾರೋ ಪರ ಊರಿನವರು ತಹಸೀಲ್ ಕಚೇರಿ ಎಲ್ಲಿ ಎಂದು ಕೇಳಿದರೆ, "ದೇವಾಪುರದಿಂದ ಬಂದ್ರ ಎಡಗಡೆ ಬೀಳತೈತ್ರಿ" ಎಂದು ಹೇಳಿ ತನ್ನ ಪಾಡಿಗೆ ತಾನು ಹೋಗಿಬಿಡುತ್ತಿದ್ದಳು. ಕೇಳಿದವರು ಪಾಪ ದೇವಾಪುರದ ಹೆಸರನ್ನೇ ಕೇಳಿರುತ್ತಿರಲಿಲ್ಲ. ಅವಳಿಗೆ ಅದರ ಪರಿವೆಯೇ ಇಲ್ಲ. ಮದುವೆಯಾಗಿ ಸಗರಕ್ಕೆ ಬಂದು ತಲೆಯಲ್ಲಿ ಬಿಳಿಕೂದಲು ಇಣುಕುವಷ್ಟು ಕಾಲವಾಗಿದ್ದರೂ ಅವಳ ಲೆಕ್ಕದಲ್ಲಿ ಜಗತ್ತು ಶುರುವಾಗುವುದು ದೇವಾಪುರದ ಅಗಸಿ ಬಾಗಿಲಿನಿಂದಲೇ. ಎಡ, ಬಲ, ಹತ್ತಿರ, ದೂರ ಎಲ್ಲದಕ್ಕೂ ಅದೇ ಅಳತೆ.

ಹೀಗೆ ಎಲ್ಲದಕ್ಕೂ ಅಳತೆಯಾಗಿದ್ದ ಆ ಊರನ್ನು ಅವಳು ಕಣ್ಣಾರೆ ಕಂಡು ಎಷ್ಟೋ ವರ್ಷಗಳಾಗಿದ್ದವು. ದೂರವೇನೂ ಇಲ್ಲ. ಬಸ್ಸು ಹತ್ತಿ, ಸುರಪುರ ದಾಟಿ, ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಬರುವ ಊರು. ಆದರೆ ಕರೆಯದೆ ಹೋಗುವುದು ಹೇಗೆ? ನಮ್ಮ ಕಡೆ ನಾಗರ ಪಂಚಮಿ ಬಂತೆಂದರೆ ಅಣ್ಣನೋ ತಮ್ಮನೋ ಬಂದು, ಒಳಗೆ ಕುಳಿತು ನೀರು ಕುಡಿದು, ಮನೆಯ ಹೆಣ್ಣುಮಗಳನ್ನು ತವರಿಗೆ ಕರೆದುಕೊಂಡು ಹೋಗಬೇಕು. ಅದೊಂದು ಕರೆಗಾಗಿ ಹೆಂಗಸರು ವರ್ಷವಿಡೀ ಸಿಟ್ಟು ನುಂಗುತ್ತಾರೆ, ಬೈಗುಳ ನುಂಗುತ್ತಾರೆ. ದೇವಕಮ್ಮನೂ ನುಂಗಿದಳು, ಕರೆ ಮಾತ್ರ ಬರಲಿಲ್ಲ. ಓಣಿಯ ಸೊಸೆಯಂದಿರೆಲ್ಲ ಚೀಲ ಹಿಡಿದು ಅಣ್ಣಂದಿರ ಹಿಂದೆ ಹೊರಟರೆ, ಇವಳು ಮನೆಯಲ್ಲೇ ಉಂಡಿ ಕಟ್ಟಿ, ತಾನೇ ತಿಂದು, ತಾನೇ ಡಬ್ಬಿ ಮುಚ್ಚಿಡುತ್ತಿದ್ದಳು. "ಕರಿಯಾಕ ಬಂದಿದ್ರೇನವಾ?" ಎಂದು ಪಕ್ಕದ ಮನೆಯ ಪಾರ್ವತೆಮ್ಮ ಪ್ರತಿ ವರ್ಷ ತಪ್ಪದೆ ಕೇಳುತ್ತಿದ್ದಳು. ಉತ್ತರ ಗೊತ್ತಿದ್ದೂ ಕೇಳುವವರ ನಾಲಿಗೆಗೆ ದೇವರು ಬೇರೆಯೇ ಎಲುಬು ಇಟ್ಟಿರಬೇಕು.

ಇದಕ್ಕೆಲ್ಲ ಕಾರಣ ಕಾಲುವೆ. ಕಾಲುವೆ ಬಂದು ನಮ್ಮ ಕಡೆ ಭತ್ತ ಬಂತು, ಟ್ರ್ಯಾಕ್ಟರ್ ಬಂತು, ಮಣ್ಣಿನ ಮಾಳಿಗೆಯ ಜಾಗದಲ್ಲಿ ಸಿಮೆಂಟಿನ ಮನೆ ಬಂತು. ಜೊತೆಗೆ ಮೇಲಿನವರು, ಕೆಳಗಿನವರು ಎಂಬ ಹೊಸ ಎರಡು ಜಾತಿಗಳೂ ಬಂದವು. ದೇವಾಪುರ ಮೇಲೆ, ಸಗರ ಕೆಳಗೆ. ದೇವಾಪುರದ ಕಡೆಯವರು ತಮ್ಮ ಪಾಳಿ ಮುಗಿಸಿ ಗೇಟು ಇಳಿಸಿದ ಮೇಲೆಯೇ ನೀರು ಸಗರದ ಕಡೆಗೆ ಹರಿಯಬೇಕು. ಪಾಳಿ ಯಾವಾಗ ಮುಗಿಯಿತು ಎಂಬುದು ಬರೀ ಬಾಯಿಮಾತು. ಒಂದು ವರ್ಷ ದೇವಕಮ್ಮನ ಅಣ್ಣ ಚಂದ್ರಾಮಪ್ಪ ಗೇಟಿನ ಬಳಿ ಕುಳಿತು ನಾಳೆಯವರೆಗೂ ನಮ್ಮದು ಎಂದ. ಅವಳ ಗಂಡ ಈಶಪ್ಪ ಕಾಲುವೆಯ ದಂಡೆ ಹಿಡಿದು ಮೋಟರ್‌ಸೈಕಲ್ ಮೇಲೆ ಹೋಗಿ ನಿನ್ನೆಗೇ ಮುಗಿಯಿತು ಎಂದ. ಮಾತಿಗೆ ಮಾತು ಬೆಳೆದು ಕೈ ಕೈ ಮಿಲಾಯಿಸಿ, ಈಶಪ್ಪನ ರುಮಾಲು ಕಾಲುವೆಗೆ ಬಿದ್ದು ತೇಲಿಕೊಂಡು ಹೋಯಿತು. "ನಿನ್ನ ಹೇಂತೀನ ನಿನ್ನ ಮನ್ಯಾಗ ಇಟ್ಕೊ, ಇತ್ತಾಗ ಕಳಸಬ್ಯಾಡ" ಎಂದ ಅಣ್ಣ. "ನೀ ಕರದ್ರೂ ಕಳಸಂಗಿಲ್ಲ ಹೋಗೋ" ಎಂದ ಗಂಡ. ಇಬ್ಬರೂ ಗಂಡಸರು ಆಡಿದ ಮಾತಿಗೆ ಗಟ್ಟಿಯಾಗಿ ನಿಂತರು. ದೇವಕಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಆಮೇಲೆ ಈಶಪ್ಪ ಊರ ಹೊರಗೆ ಹೊಸ ಮನೆ ಕಟ್ಟಿಸಿದ. ಆ ಮನೆಯ ಹೊಸ್ತಿಲನ್ನು ಅವಳ ತವರಿನ ಒಂದು ಕಾಲೂ ತುಳಿಯಲಿಲ್ಲ.

ಮದುವೆಗೆ ಮೊದಲು ರಂಗಂಪೇಟೆಯಲ್ಲಿ ಅವಳು ಕಂಪ್ಯೂಟರ್ ಕಲಿತಿದ್ದಳು. ಮನೆಯಲ್ಲಿ ಕುಳಿತು ಕೊರಗುವುದಕ್ಕಿಂತ ಅದೇ ವಾಸಿಯೆಂದು ಶಹಾಪುರದಲ್ಲಿ ಖಾಜಾಮಿಯಾನ ಕಂಪ್ಯೂಟರ್ ಅಂಗಡಿಗೆ ಕೆಲಸಕ್ಕೆ ಹೋಗತೊಡಗಿದಳು. ಖಾಜಾಮಿಯಾ ಹೈದರಾಬಾದಿನಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಂದವನು. ಮುಂದಿನ ಕೋಣೆಯಲ್ಲಿ ಝೆರಾಕ್ಸು, ಫೋಟೋ. ಹಿಂದಿನ ಕೋಣೆಯಲ್ಲಿ ಜಾವಾ. ಅವನ ಕೈಕೆಳಗೆ ದೇವಕಮ್ಮ ವೆಬ್ ಪುಟ ಕಟ್ಟುವುದನ್ನು ಚೆನ್ನಾಗಿಯೇ ಕಲಿತಳು. ಕಾಲುವೆಯ ಊರುಗಳ ನೀರಿನ ಸಂಘದವರೆಲ್ಲ ಸೇರಿ, ಪಾಳಿ ಫೋನಿನಲ್ಲೇ ಕಾಣುವ ಹಾಗೆ ಏನಾದರೂ ಮಾಡಿಕೊಡಿ ಎಂದು ಬಂದಾಗ ಖಾಜಾಮಿಯಾ ಇನ್ನೂ ಬಾಯಿ ತೆರೆದಿರಲಿಲ್ಲ. ಇವಳೇ "ನಾ ಮಾಡತೀನ್ರಿ" ಅಂದುಬಿಟ್ಟಳು.

ಮನಸ್ಸಿನಲ್ಲಿ ಇದ್ದದ್ದು ಒಂದೇ. ಪಾಳಿ ಎಲ್ಲರ ಕಣ್ಣಿಗೂ ಕಾಣುವಂತಾದರೆ ಜಗಳಕ್ಕೆ ಬೇರೇ ಇರುವುದಿಲ್ಲ. ಜಗಳವಿಲ್ಲದಿದ್ದರೆ ಅಣ್ಣ ಬಂದಾನು.

ಒಂದೊಂದು ಊರಿಗೆ ಒಂದೊಂದು ಫೋಲ್ಡರು, ಅದರೊಳಗೆ ಒಂದು ಪುಟ. ತೆರೆದರೆ ಊರಿನ ಹೆಸರು, ಅದರ ಕೆಳಗೆ ಒಂದು ಗಡಿಯಾರ. ಪಾಳಿ ಮುಗಿಯಲು ಇನ್ನೆಷ್ಟು ತಾಸು ಉಳಿದಿದೆ ಎಂದು ಅದು ಇಳಿಯುತ್ತಾ ಹೋಗುತ್ತದೆ. ಹೆಸರು, ಗೆರೆ, ಬಣ್ಣವೆಲ್ಲ ಪುಟದಲ್ಲೇ ಇರುತ್ತವೆ. ಗಡಿಯಾರ ಓಡಿಸುವ ಸ್ಕ್ರಿಪ್ಟು ಮಾತ್ರ ಬೇರೆ ಫೈಲು. ಅದು ಎಲ್ಲಿದೆ ಎಂಬ ವಿಳಾಸವನ್ನು ಪುಟದಲ್ಲಿ ಬರೆದಿರಬೇಕು. ಫೋನು ಆ ವಿಳಾಸಕ್ಕೆ ಹೋಗಿ ಸ್ಕ್ರಿಪ್ಟನ್ನು ತಂದುಕೊಳ್ಳುತ್ತದೆ. ವಿಳಾಸ ತಪ್ಪಿದರೆ ಫೋನು ಜಗಳವಾಡುವುದಿಲ್ಲ. ಸುಮ್ಮನೆ ಆ ಜಾಗವನ್ನು ಖಾಲಿ ಬಿಡುತ್ತದೆ.

ದೇವಕಮ್ಮ ಮೊದಲು ಕಟ್ಟಿದ್ದು ದೇವಾಪುರದ ಪುಟ, ಬೇರೆ ಯಾವುದನ್ನು ಕಟ್ಟಿಯಾಳು! ಕಟ್ಟಿ, ಗಡಿಯಾರ ಓಡಿಸಿ, ಅದು ಓಡುವುದನ್ನು ನೋಡಿದಳು. ನೋಡಿದಷ್ಟೂ ಸಾಲದಾಯಿತು. ಉಳಿದ ಊರುಗಳ ಪುಟಗಳನ್ನು ಅದರಿಂದಲೇ ನಕಲು ಮಾಡಿ, ಹೆಸರು ಬದಲಿಸಿ ಮುಗಿಸಿದಳು. ಆದರೆ ದಿನವೂ ಅಂಗಡಿಗೆ ಬಂದು ಚಪ್ಪಲಿ ಬಿಟ್ಟವಳು ತೆರೆಯುತ್ತಿದ್ದುದು ದೇವಾಪುರದ ಪುಟ ಒಂದನ್ನೇ.

ಸಗರದ ಶಾಲೆಯ ಪಡಸಾಲೆಯಲ್ಲಿ ಸಂಘದ ಸಭೆ ಸೇರಿತು. ಸಂಘದ ಮುಖಂಡ ಭೀಮರಾಯ ದೊಡ್ಡ ಬಾಯಿಯ ಮನುಷ್ಯ. ಹತ್ತಾರು ಜನ ಫೋನು ಹಿಡಿದು ಕುಳಿತಿದ್ದರು. ಈಶಪ್ಪನೂ ಹಿಂದಿನ ಸಾಲಿನಲ್ಲಿ ಮೀಸೆ ತೀಡುತ್ತಾ ಕುಳಿತಿದ್ದ. ಹೆಂಡತಿ ಸಭೆಯಲ್ಲಿ ನಿಂತು ಮಾತಾಡುವುದು ಅವನಿಗೆ ಒಳಗೊಳಗೇ ಹೆಮ್ಮೆ, ಮೇಲೆ ಮಾತ್ರ ಯಾರೋ ಏನೋ ಎಂಬಂಥ ಮುಖ. ದೇವಕಮ್ಮ ಹೇಳಿದಂತೆ ಎಲ್ಲರೂ ಸಗರದ ಪುಟ ತೆರೆದರು. ಹೆಸರು ಬಂತು. ಗಡಿಯಾರ ಬರಬೇಕಾದ ಜಾಗ ಬೋಳಾಗಿತ್ತು. ನೆಟ್‌ವರ್ಕ್ ಇಲ್ಲವೇನೋ ಎಂದು ಒಬ್ಬ ಹೊರಗೆ ಹೋಗಿ ಕೈ ಎತ್ತಿ ನಿಂತ. ಅಲ್ಲಿಯೂ ಬೋಳು. ಇನ್ನೊಬ್ಬ ಪಕ್ಕದ ಊರಿನದನ್ನು ತೆರೆದ. ಅದೂ ಬೋಳು. ಕೊನೆಗೆ ಯಾರೋ ದೇವಾಪುರದ ಹೆಸರು ಒತ್ತಿದರು. ಗಡಿಯಾರ ಟಕಟಕನೆ ಓಡತೊಡಗಿತು.

"ಅಹಹಾ!" ಎಂದ ಭೀಮರಾಯ. "ನೋಡ್ರಪಾ ನೋಡ್ರಿ. ತವರಮನಿಗಿ ಗಡಿಯಾರ, ಗಂಡನ ಮನಿಗಿ ಖಾಲಿ ಗ್ವಾಡಿ! ಈಶಪ್ಪಾ, ನಿನ್ನ ರುಮಾಲ ಹೊಳ್ಳಿ ಮತ್ತ ನೀರಿಗಿ ಬಿತ್ತು ನೋಡು."

ಎಲ್ಲರೂ ಹೋ ಎಂದು ನಕ್ಕರು. ದೇವಕಮ್ಮನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಏನೋ ತಪ್ಪಾಗೈತ್ರಿ, ಸರಿ ಮಾಡತೀನಿ" ಎಂದಳು. ಆ ದನಿ ಅವಳಿಗೇ ಕೇಳಿಸಲಿಲ್ಲ.

ಮನೆಗೆ ಹೋಗುವಾಗ ಈಶಪ್ಪ ಕಾಲುವೆಯ ಸೇತುವೆಯ ಮೇಲೆ ಮೋಟರ್‌ಸೈಕಲ್ ನಿಲ್ಲಿಸಿದ. ಕೆಳಗೆ ಕಾಲುವೆಯಲ್ಲಿ ತಳದ ಕೆಸರು ಕಾಣುವಷ್ಟೇ ನೀರಿತ್ತು. ಬೈಯುತ್ತಾನೆಂದು ಅವಳು ಸೆರಗು ಬಿಗಿಹಿಡಿದು ಕಾದಳು.

"ದೇವಾಪುರದ್ದ ಮೊದಲ ಮಾಡಿದ್ಯಾ?" ಎಂದ.

"ಹೂಂನ್ರಿ."

"ಬ್ಯಾರೆ ಊರಿನವು ತೆರದು ನೋಡಲೇ ಇಲ್ಲಾ?"

"ನೋಡಿದ್ದಿಲ್ರಿ. ದಿನಾ ಅದೊಂದ ತೆರಿತಿದ್ದೆ." ಇಷ್ಟು ವರ್ಷ ಒಳಗೇ ಉಳಿದದ್ದು ಬಾಯಿಗೆ ಬಂದೇ ಬಂತು. "ಅಲ್ಲಿ ಪಾಳಿ ನಡದಾಗ ನಮ್ಮಣ್ಣ ಗೇಟಿನ ಹಂತ್ಯಾಕ ಕುಂತಿರತಾನ. ಪಾಳಿ ಮುಗದ್ರ ಎದ್ದು ಮನಿಗಿ ಹೋಗಿ ಉಣತಾನ. ಅದಷ್ಟು ಗೊತ್ತಾಗತೈತಿ ಅಂತ ನೋಡತಿದ್ದೆ. ಮತ್ತೇನಿಲ್ರಿ."

ಈಶಪ್ಪ ಕೆಟ್ಟವನಲ್ಲ. ಹಟಮಾರಿ. ಹೆಂಡತಿ ತವರನ್ನು ಮರೆತಿದ್ದಾಳೆ ಎಂದು ಅವನು ನಂಬಿಕೊಂಡಿದ್ದ; ಹಾಗೆ ನಂಬಿಕೊಳ್ಳುವುದು ಅವನಿಗೆ ಸಲೀಸಾಗಿತ್ತು. ಈಗ ಅದು ಸುಳ್ಳೆಂದು ಕಣ್ಣಿಗೇ ಕಂಡಿತು.

"ಹೋಗು ಅಂತ ನಾ ಬಾಯಿ ಬಿಟ್ಟು ಅನ್ನಂಗಿಲ್ಲ," ಎಂದ ಕೊನೆಗೆ. "ಅವಾ ಬಂದು ಕರದ್ರ ಬ್ಯಾಡ ಅನ್ನಂಗಿಲ್ಲ. ಅಷ್ಟ."

ಅವನಿಂದ ಅಷ್ಟು ಬಂದದ್ದೇ ದೊಡ್ಡದು. ಆ ರಾತ್ರಿ ಅವಳಿಗೆ ಅವಮಾನ ಮರೆತೇಹೋಗಿತ್ತು. ಪಂಚಮಿ ಮುಂದಿನ ವಾರವೇ ಇತ್ತು.

ಮರುದಿನ ಖಾಜಾಮಿಯಾ ಕನ್ನಡಕ ಏರಿಸಿ ಪುಟವನ್ನು ನೋಡಿದ. "ಬೆಹನ್, ಸ್ಕ್ರಿಪ್ಟ್ ಎಲ್ಲಿ ಇಟ್ಟೀಯವ್ವಾ?"

"ದೇವಾಪುರದ ಫೋಲ್ಡರಿನ್ಯಾಗ್ರಿ."

"ವಿಳಾಸ ಏನಂತ ಬರ್ದೀದಿ?"

ಅವಳು ನೋಡಿದಳು. ಬರೀ ಫೈಲಿನ ಹೆಸರಿತ್ತು. ಇಲ್ಲೇ, ಪಕ್ಕದಲ್ಲೇ ಇದೆ ಎಂದು ಅದರ ಅರ್ಥ. ದೇವಾಪುರದ ಪುಟದಲ್ಲಿ ನಿಂತು ಇಲ್ಲೇ ಅಂದರೆ ಅಲ್ಲಿ ಸ್ಕ್ರಿಪ್ಟು ಇತ್ತು. ಅದೇ ಮಾತನ್ನು ನಕಲು ಮಾಡಿ ಸಗರದ ಪುಟದಲ್ಲಿಟ್ಟರೆ ಫೋನು ಸಗರದ ಫೋಲ್ಡರಿನಲ್ಲಿ ಹುಡುಕುತ್ತದೆ. ಅಲ್ಲಿ ಏನಿದೆ, ಮಣ್ಣು?

ಖಾಜಾಮಿಯಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಸ್‌ಸ್ಟ್ಯಾಂಡಿನ್ಯಾಗ ದಾರಿ ಹೇಳಿದಂಗೇ ಹೇಳೀದಿಯಲ್ಲ! ಎಲ್ಲಾರೂ ನಿಮ್ಮ ದೇವಾಪುರದಿಂದ ಬರಂಗಿಲ್ಲ ತಂಗಿ. ಕೆನಾಲಿನ ಮ್ಯಾಲ ಕಿಲೋಮೀಟರಿನ ಕಲ್ಲು ಹುಗದಾರ ನೋಡು, ಯಾರ ಹೊಲದಿಂದ ಎಣಿಸ್ಯಾರ? ಡ್ಯಾಮಿನಿಂದ. ಹಂಗ ಬುಡದಿಂದ ಹೇಳು. ಯಾವ ಊರಾಗ ನಿಂತ್ರೂ ಸಿಗತದ."

ಸ್ಕ್ರಿಪ್ಟನ್ನು ದೇವಾಪುರದಿಂದ ಎತ್ತಿ ಎಲ್ಲರಿಗೂ ಸೇರಿದ ಒಂದು ಫೋಲ್ಡರಿನಲ್ಲಿ ಇಟ್ಟಳು. ಸಗರದ ಪುಟ ತೆಗೆದು ವಿಳಾಸವನ್ನು ಬುಡದಿಂದ ಬರೆದಳು: ಮೊದಲು ಪುಟಗಳನ್ನೆಲ್ಲ ಹೊತ್ತ ಅಪ್ಲಿಕೇಶನ್ನಿನ ಹೆಸರು, ಆಮೇಲೆ ಫೋಲ್ಡರು, ಆಮೇಲೆ ಫೈಲು. ಅಂಗಡಿಯ ಕಂಪ್ಯೂಟರಿನಲ್ಲಿ ಗಡಿಯಾರ ಓಡಿತು. ಊರಿನವರ ಫೋನಿಗೆ ಪುಟ ಕಳಿಸುವ ಹೊರಗಿನ ಸರ್ವರಿಗೆ ಏರಿಸಿದರೆ ಮತ್ತೆ ಬೋಳು. ದೇವಕಮ್ಮನಿಗೆ ಅಳು ಬರುವುದೊಂದು ಬಾಕಿ. ಖಾಜಾಮಿಯಾನೇ ಬಗ್ಗಿ ನೋಡಿ ಹೇಳಿದ: ಅಂಗಡಿಯಲ್ಲಿ ಅಪ್ಲಿಕೇಶನ್ನಿಗೆ ಇಟ್ಟ ಹೆಸರು ಬೇರೆ, ಆ ಸರ್ವರಿನಲ್ಲಿ ಇಟ್ಟ ಹೆಸರು ಬೇರೆ. ಹೆಸರನ್ನು ಕೈಯಿಂದ ಬರೆಯಬಾರದು. ಪುಟ ಸರ್ವರಿನಿಂದ ಹೊರಡುವಾಗ ಜಾವಾವನ್ನೇ ಕೇಳಿ, ಈಗ ಅಪ್ಲಿಕೇಶನ್ನಿನ ಹೆಸರೇನಿದೆಯೋ ಅದನ್ನೇ ವಿಳಾಸದ ಮುಂದೆ ಹಚ್ಚು ಎಂದು ಬಿಡಬೇಕು. ಹಾಗೆ ಬಿಟ್ಟ ಮೇಲೆ ಸಗರದ ಗಡಿಯಾರ ಹೊರಗೂ ಓಡಿತು.

ಅಲ್ಲಿಂದ ಒಂದೊಂದೇ ಊರಿನ ಪುಟವನ್ನು ತಿದ್ದುತ್ತಾ ಬಂದಳು. ಕಡೆಗೆ ಉಳಿದದ್ದು ದೇವಾಪುರ. ಅದರೊಳಗಿನ್ನೂ ಹಳೆಯ ವಿಳಾಸವೇ ಇತ್ತು. ಸ್ಕ್ರಿಪ್ಟು ಮಾತ್ರ ಈಗ ಅಲ್ಲಿ ಇರಲಿಲ್ಲ. ನಿನ್ನೆಯವರೆಗೆ ಅದೊಂದೇ ಓಡುತ್ತಿತ್ತು, ಈಗ ಅದೊಂದೇ ಬೋಳು.

ಕೀಲಿಮಣೆಯ ಮೇಲೆ ಅವಳ ಬೆರಳು ನಿಂತಿತು.

ಪ್ರತಿ ಪುಟದ ತಳದಲ್ಲೂ ತೊಂದರೆ ಇದ್ದರೆ ಕರೆ ಮಾಡಿ ಎಂದು ಅಂಗಡಿಯ ಫೋನ್ ನಂಬರ್ ಹಾಕಿದ್ದಳು. ದೇವಾಪುರದ ಗೇಟಿನ ಜವಾಬ್ದಾರಿ ಈಗಲೂ ಚಂದ್ರಾಮಪ್ಪನದೇ. ಗಡಿಯಾರ ಕಾಣದಿದ್ದರೆ ಅವನೇ ಕರೆ ಮಾಡಬೇಕು. ಫೋನು ಎತ್ತುವವಳು ಇವಳೇ; ಗಡಿಯಾರ ಇವಳದೆಂದು ಸಂಘದ ಊರುಗಳಿಗೆಲ್ಲ ಗೊತ್ತಿತ್ತು. ಗಡಿಯಾರ ಕೆಟ್ಟಿದೆ ಅನ್ನುವುದಕ್ಕಾದರೂ ಅಣ್ಣ ಬಾಯಿ ಬಿಡಬೇಕು. ಒಂದು ಮಾತು. ಬೈದರೂ ಆಯಿತು. ಆ ದನಿ ಕೇಳಿ ಎಷ್ಟು ಕಾಲವಾಯಿತು!

ಅವಳು ಪುಟವನ್ನು ಹಾಗೆಯೇ ಬಿಟ್ಟು ಎದ್ದಳು. ರೊಟ್ಟಿಯ ಗಂಟು ಬಿಚ್ಚಿ ಫೋನಿನ ಪಕ್ಕದಲ್ಲೇ ಉಣ್ಣಲು ಕುಳಿತಳು. ನಂಜಿಕೊಂಡ ಸೇಂಗಾ ಹಿಂಡಿಯ ರುಚಿಯೇ ತಿಳಿಯಲಿಲ್ಲ. ರೊಟ್ಟಿಯನ್ನು ನೀರು ಕುಡಿದು ಇಳಿಸುತ್ತಿರುವಾಗ ಫೋನು ರಿಂಗಣಿಸಿತು. ಕೈ ತೊಳೆಯದೆ ಎತ್ತಿದಳು.

ಭೀಮರಾಯ! "ಹೇಯ್, ನಮ್ಮೂರಿನ ಗಡಿಯಾರ ಓಡಾಕತ್ತೈತಿ ನೋಡವಾ. ನಿನ್ನೆ ನಗಚ್ಯಾಟಿ ಮಾಡಿದ್ದು ಮನಸಿಗಿ ಹಚ್ಕೋಬ್ಯಾಡ. ದೇವಾಪುರದವ್ರು ಹೊತ್ತಿಗೆ ಸರಿಯಾಗಿ ಗೇಟು ಇಳಿಸಿದ್ರ ಈ ಸಲ ನಮ್ಮ ಭತ್ತ ಬದುಕತೈತಿ."

ಫೋನು ಇಟ್ಟ ಮೇಲೆ ಅವಳಿಗೆ ಹೊಳೆಯಿತು. ದೇವಾಪುರದವರಿಗೆ ಹೊತ್ತು ತಿಳಿಯುವುದಾದರೂ ಹೇಗೆ? ಅವರ ಗಡಿಯಾರವನ್ನು ತಾನೇ ಅಡಗಿಸಿಟ್ಟುಕೊಂಡು ಕುಳಿತಿದ್ದಾಳೆ. ಅಂದು ಪಾಳಿಯ ಹೊತ್ತನ್ನು ಗಂಡಸರು ತಮ್ಮ ತಮ್ಮ ಮುಷ್ಟಿಯಲ್ಲಿ ಹಿಡಿದುಕೊಂಡದ್ದಕ್ಕೇ ತಾನೆ ಇಷ್ಟೆಲ್ಲ ಆದದ್ದು? ತಾನು ಈಗ ಮಾಡುತ್ತಿರುವುದೂ ಅದನ್ನೇ. ಮತ್ತೆ ಗೇಟಿನ ಬಳಿ ಜನ ಸೇರಿದರೆ, ಮತ್ತೊಂದು ರುಮಾಲು ನೀರಿಗೆ ಬಿದ್ದರೆ, ಅದಕ್ಕೆ ಹೊಣೆ ಯಾರು?

ಎಂಜಲು ಕೈ ತೊಳೆದು ಬಂದು ಕುಳಿತಳು. ದೇವಾಪುರದ ಪುಟದಲ್ಲೂ ವಿಳಾಸವನ್ನು ಬುಡದಿಂದ ಬರೆದಳು, ಏರಿಸಿದಳು. ಗಡಿಯಾರ ಓಡಿತು. ಅಣ್ಣನಿಗೆ ಇನ್ನು ಕರೆ ಮಾಡಲು ಕಾರಣವೇ ಉಳಿಯಲಿಲ್ಲ. ಅವಳು ಪರದೆಗೆ ಬೆನ್ನು ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಖಾಜಾಮಿಯಾ ಕಂಡೂ ಕಾಣದವನಂತೆ ಝೆರಾಕ್ಸಿಗೆ ಕಾಗದ ತುಂಬಿದ.

ದಿನಗಳು ಕಳೆದವು. ಓಣಿಯಲ್ಲಿ ಜೋಳದ ಅಳ್ಳು ಹುರಿಯುವ ವಾಸನೆ ಎದ್ದಿತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಪಾರ್ವತೆಮ್ಮ ತನ್ನ ವಾರ್ಷಿಕ ಪ್ರಶ್ನೆ ಕೇಳಿ ಹೋದಳು. ಈಶಪ್ಪ ಏನೂ ಕೇಳಲಿಲ್ಲ. ಆದರೆ ಬೆಳಿಗ್ಗೆ ಅವನು ಅಂಗಳವನ್ನು ತಾನೇ ಗುಡಿಸಿ, ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹಾಸಿಟ್ಟದ್ದನ್ನು ಅವಳು ನೋಡಿದಳು. ನೋಡಿ ಇನ್ನಷ್ಟು ಸಂಕಟವಾಯಿತು. ಗಂಡನೂ ಕಾಯತೊಡಗಿದ ಮೇಲೆ ಅಣ್ಣ ಬರದಿದ್ದರೆ ಆ ಕಂಬಳಿಯನ್ನು ಮಡಚಿ ಒಳಗಿಡುವವರು ಯಾರು?

ಪಂಚಮಿಗೆ ಇನ್ನೆರಡು ದಿನ ಇದ್ದಾಗ, ಅಂಗಡಿಯಲ್ಲಿ ಜನ ಕಡಿಮೆಯಾದ ಮಧ್ಯಾಹ್ನ ಅವಳು ದೇವಾಪುರದ ಪುಟ ತೆರೆದು ಕುಳಿತಿದ್ದಳು. ಅಲ್ಲಿ ಪಾಳಿ ನಡೆದಿತ್ತು. ಅಣ್ಣ ಗೇಟಿನ ಬಳಿ ಕುಳಿತಿದ್ದಾನೆ. ಫೋನು ರಿಂಗಣಿಸಿತು. ಯಾರದೋ ಅರ್ಜಿಯ ವಿಚಾರವಿರಬೇಕೆಂದು ಎತ್ತಿದಳು.

"ನೀರಿನ ಗಡಿಯಾರದವ್ರೇನ್ರಿ?"

ಆ ದನಿಯನ್ನು ಅವಳಿಗೆ ಯಾರೂ ಪರಿಚಯಿಸಬೇಕಿರಲಿಲ್ಲ. ಸ್ವಲ್ಪ ಮುದಿಯಾಗಿತ್ತು, ಅಷ್ಟೇ. "ಹೌದ್ರಿ" ಎಂದಳು.

"ದೇವಾಪುರದಿಂದ ಮಾತಾಡಾಕತ್ತೇನ್ರಿ."

"ಏನ್ ಕೆಟ್ಟೈತ್ರಿ?"

"ಏನೂ ಕೆಟ್ಟಿಲ್ರಿ. ಬರೊಬ್ಬರಿ ಐತಿ." ಆಚೆಯಿಂದ ನೀರಿನ ಸದ್ದು ಕೇಳುತ್ತಿತ್ತು, ಗೇಟಿನ ಕೆಳಗೆ ಬೀಳುವ ನೀರಿನದು. "ಒಮ್ಮೆ ಮಧ್ಯಾಹ್ನ ಒಂದೀಟು ಹೊತ್ತು ಕಾಣಲಾರದಂಗ ಆಗಿತ್ತು. ಫೋನ್ ಮಾಡಬೇಕಂತ ನಂಬರ್ ಒತ್ತೋದ್ರಾಗ ಹೊಳ್ಳಿ ಬಂದುಬಿಡ್ತು. ಅವತ್ತಿಂದ ನೋಡಾಕತ್ತೀನಿ, ಇವತ್ತ ಕೆಡತೈತಿ, ನಾಳಿ ಕೆಡತೈತಿ ಅಂತ. ಕೆಟ್ರ ಒಂದು ನೆವ ಆಗತೈತಿ ಅಂತ. ಕೆಡಲೊಲ್ದಲ್ಲ ತಂಗೀ ಇದು!"

ದೇವಕಮ್ಮನಿಗೆ ಅಳು, ನಗು ಎರಡೂ ಒಟ್ಟಿಗೆ ನುಗ್ಗಿ ಬಂದು ಬಾಗಿಲಲ್ಲೇ ಸಿಕ್ಕಿಕೊಂಡವು.

"ಅದೀಯೇನವಾ ಫೋನಿನ್ಯಾಗ?"

"ಅದೀನಿ, ಅಣ್ಣಾ."

"ನಮ್ಮ ಪಾಳಿ ನಾಳಿ ಮುಂಜಾನಿ ಮುಗೀತೈತಿ. ಗೇಟು ಇಳಿಸಿ, ಹಂಗೇ ಬರತೀನಿ. ಈಶಪ್ಪ ಏನಂತಾನ?"

"ಏನೂ ಅನ್ನಂಗಿಲ್ಲ. ಕಟ್ಟಿ ಮ್ಯಾಲ ಕಂಬಳಿ ಹಾಸ್ಯಾನ."

"ಹೊಸ ಮನಿ ಕಟ್ಟೀರಂತ. ನಾ ನೋಡಿಲ್ಲ. ಎಲ್ಲಿ ಬರತೈತಿ ಅದು?"

ಖಾಜಾಮಿಯಾ ನಕ್ಕಿದ್ದ ಆ ಅಳತೆಯಿಂದಲೇ ಅವಳು ದಾರಿ ಹೇಳಿದಳು. "ದೇವಾಪುರದಿಂದ ಬಂದ್ರ ಎಡಗಡೆ ಬೀಳತೈತಿ, ಅಣ್ಣಾ."

"ಹಂಗಂದ್ರ ತಿಳೀತು ಬಿಡು," ಎಂದ ಅವನು.